ಮಾಡಿದ ಕೆಲಸದ ಪಟ್ಟಿ ಇದೆ, ಬೆಳೆದದ್ದು ಎಲ್ಲಿ?

ಪ್ರಶ್ನೆ: ಒಂದು ವರ್ಷ ನಮ್ಮ ವಿಭಾಗದ ವಿದ್ಯಾರ್ಥಿ ಸಂಘದ ಕಾರ್ಯದರ್ಶಿಯಾಗಿದ್ದೆ. ಈಗ 'ನಾಯಕರಾಗಿ ನೀವು ಹೇಗೆ ಬೆಳೆದಿರಿ' ಅಂತ ಎರಡು ಪುಟ ಬರೆದು ಕೊಡಬೇಕು. ಬರೆಯಲು ಕೂತರೆ ನಡೆಸಿದ ಕಾರ್ಯಕ್ರಮಗಳ ಪಟ್ಟಿ ಬಿಟ್ಟು ಬೇರೇನೂ ಬರುತ್ತಿಲ್ಲ. ಏನು ಬರೆಯಲಿ?

ಉತ್ತರ: ಪಟ್ಟಿ ಬರುತ್ತಿದ್ದರೆ ಬರಲಿ, ಮೊದಲು ಅದನ್ನೇ ಬರೆದು ಮುಗಿಸಿಬಿಡಿ. ಆಮೇಲೆ ಪಕ್ಕಕ್ಕಿಡಿ. ಸಂಘ ಏನೇನು ಮಾಡಿತು ಅನ್ನುವುದಷ್ಟೇ ಅದರಲ್ಲಿರುತ್ತದೆ. ನಿಮ್ಮನ್ನು ಕೇಳಿರುವುದು ಬೇರೆ. ವರ್ಷದ ಮೊದಲಲ್ಲಿ ಒಂದು ಇಕ್ಕಟ್ಟು ಬಂದಾಗ ನೀವು ಹೇಗೆ ನಡೆದುಕೊಂಡಿರಿ, ಕೊನೆಯಲ್ಲಿ ಅಂಥದ್ದೇ ಬಂದಾಗ ಹೇಗೆ?

ಇಡೀ ವರ್ಷವನ್ನು ಹಿಡಿಯಲು ಹೋಗಬೇಡಿ. ಒಂದೆರಡು ಘಟನೆ ಸಾಕು. ನೆನಪಾದರೆ ಈಗಲೂ ಸ್ವಲ್ಪ ಮುಜುಗರ ಆಗುತ್ತದಲ್ಲ, ಅಂಥದ್ದನ್ನೇ ಆರಿಸಿಕೊಳ್ಳಿ.

ಒಬ್ಬ ಕಾರ್ಯದರ್ಶಿಯನ್ನು ಊಹಿಸಿಕೊಳ್ಳಿ. ನಾಳೆ ಕಾರ್ಯಕ್ರಮ. ಪೋಸ್ಟರ್ ಮಾಡುತ್ತೇನೆ ಅಂದಿದ್ದ ಜೂನಿಯರ್ ರಾತ್ರಿ ಹನ್ನೊಂದಾದರೂ ಕಳಿಸಿಲ್ಲ. ಕಾರ್ಯದರ್ಶಿ ಲ್ಯಾಪ್‌ಟಾಪ್ ತೆಗೆದು ತಾನೇ ಮಾಡಿ ಗ್ರೂಪಿಗೆ ಹಾಕುತ್ತಾಳೆ. ಹತ್ತು ನಿಮಿಷ ಬಿಟ್ಟು ಅವನ ಪೋಸ್ಟರೂ ಬರುತ್ತದೆ. ಯಾರೂ ಅದನ್ನು ತೆರೆದೂ ನೋಡುವುದಿಲ್ಲ. ಮುಂದಿನ ಮೀಟಿಂಗಿನಿಂದ ಅವನು ಹಿಂದಿನ ಬೆಂಚಿನಲ್ಲಿ ಕೂತು ಫೋನ್ ನೋಡುತ್ತಿರುತ್ತಾನೆ.

ವರ್ಷದ ಕೊನೆಗೆ ಅವಳು ಬರೆಯುವ ಮೊದಲ ಸಾಲು ಬಹುಶಃ ಹೀಗಿರುತ್ತದೆ: 'ಒತ್ತಡದಲ್ಲೂ ಸಮಯಕ್ಕೆ ಸರಿಯಾಗಿ ಕೆಲಸ ಮುಗಿಸುವುದನ್ನು ಕಲಿತೆ.' ಸುಳ್ಳೇನಲ್ಲ. ಆದರೆ ಈ ಸಾಲನ್ನು ಯಾರು ಬೇಕಾದರೂ ಬರೆಯಬಹುದು, ಅಲ್ವಾ? ಹಿಂದಿನ ಬೆಂಚಿನ ಹುಡುಗ ಅದರಲ್ಲಿ ಇಲ್ಲವೇ ಇಲ್ಲ.

ಇಂಥ ಕಡೆ ಶಿಕ್ಷಣ ತಜ್ಞ ಗ್ರಹಾಂ ಗಿಬ್ಸ್ 1988ರಲ್ಲಿ ಕೊಟ್ಟ ಆರು ಪ್ರಶ್ನೆಗಳ ಚಕ್ರ ಕೆಲಸಕ್ಕೆ ಬರುತ್ತದೆ. ಏನಾಯಿತು, ಆಗ ಏನನ್ನಿಸಿತು, ಯಾವುದು ಸರಿಹೋಯಿತು ಯಾವುದು ಕೆಟ್ಟಿತು, ಯಾಕೆ ಹಾಗಾಯಿತು, ಬೇರೆ ಏನು ಮಾಡಬಹುದಿತ್ತು, ಮುಂದಿನ ಸಲ ಏನು ಮಾಡುತ್ತೇನೆ. ಮೊದಲನೆಯದಕ್ಕೇ ಒಂದೂವರೆ ಪುಟ ಸುರಿದು ನಾಲ್ಕನೆಯದನ್ನು ಒಂದು ಸಾಲಲ್ಲಿ ಮುಗಿಸುವವರೇ ಜಾಸ್ತಿ. ನೀವು ಅದನ್ನು ಉಲ್ಟಾ ಮಾಡಿ. 'ಯಾಕೆ' ಅಂತ ಕೂತು ಕೇಳಿಕೊಂಡರೆ ಅವಳಿಗೆ ಹೊಳೆಯುತ್ತದೆ: ಅವನಿಗೆ ಒಂದು ಫೋನ್ ಮಾಡಿದ್ದರೆ ಆಗಿತ್ತು. ಮಾಡಲಿಲ್ಲ. ಕೇಳುವುದಕ್ಕಿಂತ ತಾನೇ ಮಾಡುವುದು ಸುಲಭ ಅನ್ನಿಸಿತು. ಜೊತೆಗೆ 'ನಾನಿಲ್ಲದೆ ಇಲ್ಲಿ ಏನೂ ನಡೆಯಲ್ಲ' ಅನ್ನುವ ಸಣ್ಣ ಖುಷಿಯೂ ಇತ್ತು. ಈ ಕೊನೆಯ ಮಾತನ್ನು ಬರೆಯಲು ಕೈ ಓಡುವುದಿಲ್ಲ. ಆದರೆ ಎರಡು ಪುಟದಲ್ಲಿ ನಾನು ಹುಡುಕುವುದು ಅದನ್ನೇ.

ಈ ಖುಷಿ ಅವಳೊಬ್ಬಳದೇ ಅಲ್ಲ. ವಿದ್ಯಾರ್ಥಿ ನಾಯಕತ್ವದ ಸಂಶೋಧಕಿ ಸೂಸನ್ ಕೊಮಿವ್ಸ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿದ್ಯಾರ್ಥಿಗಳು ತಮ್ಮನ್ನು ನಾಯಕರಾಗಿ ಕಂಡುಕೊಳ್ಳುವ ದಾರಿಯಲ್ಲಿ ಆರು ಹಂತ ಗುರುತಿಸಿದರು. ಮೂರನೆಯದರಲ್ಲಿ ನಾಯಕ ಅಂದರೆ ಹುದ್ದೆಯಲ್ಲಿರುವವರು, ಹೊಣೆಯೆಲ್ಲ ಅವರದೇ. ನಾಲ್ಕನೆಯದಕ್ಕೆ ಬಂದಾಗ, ಹುದ್ದೆ ಇಲ್ಲದವರೂ ಮುಂದಾಳಾಗಬಹುದು, ಅದು ಗುಂಪೆಲ್ಲ ಸೇರಿ ಮಾಡುವ ಕೆಲಸ ಅಂತ ಕಾಣತೊಡಗುತ್ತದೆ. ಪೋಸ್ಟರ್ ಮಾಡಿದ ರಾತ್ರಿ ನಮ್ಮ ಕಾರ್ಯದರ್ಶಿ ಮೂರರಲ್ಲಿದ್ದಳು. ಆಮೇಲೆ ಯಾವತ್ತಾದರೂ ಫೋನ್ ಮಾಡಿ, ಕಾದು, ಅವನ ಪೋಸ್ಟರನ್ನೇ ಹಾಕಿದ್ದರೆ ಆ ಎರಡು ರಾತ್ರಿಗಳ ನಡುವಿನ ದೂರವೇ ಅವಳ ಬೆಳವಣಿಗೆ. (ಹಾಗಂತ 'ನಾನು' ಇರುವಲ್ಲೆಲ್ಲ 'ನಾವು' ಅಂತ ತಿದ್ದಬೇಡಿ. ಗೆದ್ದಾಗ 'ನಾನು', ಸೋತಾಗ 'ನಾವು' ಅನ್ನುವ ಬರಹ ಓದುವವರಿಗೆ ಬೇಗ ಗೊತ್ತಾಗುತ್ತದೆ.)

ಅಂಕದ ಬಗ್ಗೆಯೂ ಒಂದು ಮಾತು. ವರ್ಷದ ಮೊದಲು ನಿಮಗೆ ನೀವೇ ಅಂಕ ಕೊಟ್ಟುಕೊಂಡಿದ್ದರೆ, ಈಗ ಅದು ಇಳಿದಿರಲೂಬಹುದು. ಗಾಬರಿ ಬೇಡ. ಉದಾಹರಣೆಗೆ, ಕೇಳಿಸಿಕೊಳ್ಳುವುದು ಅಂದರೆ ಮಧ್ಯೆ ಬಾಯಿ ಹಾಕದೆ ಇರುವುದು ಅಂದುಕೊಂಡು ಆಗ 10ಕ್ಕೆ 8 ಹಾಕಿರುತ್ತೀರಿ. ಸುಮ್ನೆ ಕೂತವರನ್ನು ಮಾತಾಡಿಸುವುದೂ ಅದರಲ್ಲಿ ಸೇರಿದೆ ಅಂತ ಈಗ ಗೊತ್ತಾಗಿ 6 ಹಾಕುತ್ತೀರಿ. ಅಳತೆಗೋಲೇ ಬದಲಾಗಿದೆ. ಸಂಶೋಧಕರು ಇದಕ್ಕೆ ರೆಸ್ಪಾನ್ಸ್ ಶಿಫ್ಟ್ ಅನ್ನುತ್ತಾರೆ. ಅದಕ್ಕೇ ಕೆಲವರು ಎರಡು ಅಂಕವನ್ನೂ ಕೊನೆಯಲ್ಲೇ ಕೇಳುತ್ತಾರೆ: ಈಗ ಎಷ್ಟು, ಈಗಿನ ಕಣ್ಣಲ್ಲಿ ನೋಡಿದರೆ ಆಗ ಎಷ್ಟು. ನೀವೂ ಹಾಗೇ ಮಾಡಿ ನೋಡಿ.

ನೆನಪನ್ನು ಮಾತ್ರ ಪೂರ್ತಿ ನಂಬಬೇಡಿ, ಅದು ನಮ್ಮ ಕಡೆಗೇ ವಾಲುತ್ತದೆ. ಹಳೆಯ ಗ್ರೂಪ್ ಮೆಸೇಜುಗಳನ್ನು, ಮೀಟಿಂಗಿನ ಟಿಪ್ಪಣಿಗಳನ್ನು ತೆರೆಯಿರಿ. ಜೊತೆಗಿದ್ದ ಒಬ್ಬರನ್ನು ಕೇಳಿ. 'ನಾನು ಹೇಗಿದ್ದೆ' ಅಂದರೆ 'ಚೆನ್ನಾಗಿಯೇ ಇದ್ರಿ' ಅಂದುಬಿಡುತ್ತಾರೆ. 'ನನ್ನಿಂದ ನಿನ್ನ ಕೆಲಸ ಯಾವಾಗ ಕಷ್ಟ ಆಯ್ತು' ಅಂತ ಕೇಳಿ. ಅವರು ಹೇಳುವ ಘಟನೆ ನಿಮಗೆ ನೆನಪೇ ಇಲ್ಲದಿದ್ದರೆ, ಮೊದಲ ಪುಟವನ್ನು ಅಲ್ಲಿಂದಲೇ ಶುರು ಮಾಡಿ.