ಸಾಲು ಮುರಿಯೋ ಕೆಲಸ ಲೇಟೆಕ್‌ಗೇ ಬಿಡಿ

ಲೇಟೆಕ್ (LaTeX) ಅಂದರೆ ಆಜ್ಞೆಗಳ ಜೊತೆ ಬರೆದ ಪಠ್ಯವನ್ನು ಅಚ್ಚಿನ ಪುಟವಾಗಿ ಜೋಡಿಸಿಕೊಡುವ ಪ್ರೋಗ್ರಾಮ್. ಅದಕ್ಕೆ ಹೊಸಬರಾದವರು ಸಾಲು ಎಲ್ಲಿ ಮುರಿಯಬೇಕು ಅನ್ನುವುದನ್ನೂ ತಾವೇ ಹೇಳಲು ಹೋಗುತ್ತಾರೆ. ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿದರೆ ಸಾಲು ಮುರಿಯುತ್ತದೆ, ನಿಜ. ಆದರೆ ನಾಳೆ ಅದೇ ಪ್ಯಾರಾಕ್ಕೆ ನಾಲ್ಕು ಪದ ಸೇರಿಸಿದರೆ? ಸಾಲು ಅರ್ಧಕ್ಕೇ ತುಂಡಾಗಿ ನಿಲ್ಲುತ್ತದೆ.

ಲೇಟೆಕ್‌ನ ಒಳಗೆ ಕೆಲಸ ಮಾಡುವುದು ಟೆಕ್. ತಮ್ಮ ಪುಸ್ತಕದ ಹೊಸ ಆವೃತ್ತಿಯ ಪ್ರೂಫ್ ತೀರಾ ಕೆಟ್ಟದಾಗಿ ಬಂದದ್ದನ್ನು 1977ರಲ್ಲಿ ನೋಡಿದ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್, ಬೇರೆ ದಾರಿ ಕಾಣದೆ ತಾವೇ ಬರೆಯಲು ಕೂತ ಪ್ರೋಗ್ರಾಮ್ ಅದು. ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ 80ರ ದಶಕದಲ್ಲಿ ಲೇಟೆಕ್ ಕಟ್ಟಿದರು.

ಟೆಕ್ ಒಂದು ಸಾಲು ತುಂಬಿತು, ಇನ್ನು ಮುಂದಿನದು ಅಂತ ಹೋಗುವುದಿಲ್ಲ. ಇಡೀ ಪ್ಯಾರಾವನ್ನು ಒಟ್ಟಿಗೆ ನೋಡುತ್ತದೆ. ಪದಗಳ ನಡುವಿನ ಜಾಗ ಅದಕ್ಕೆ ಗಟ್ಟಿ ಅಳತೆಯಲ್ಲ, ಸ್ಪ್ರಿಂಗ್ ಇದ್ದ ಹಾಗೆ. ಲೇಟೆಕ್‌ನ ಮಾಮೂಲಿ 10 ಪಾಯಿಂಟ್ ಅಕ್ಷರದಲ್ಲಿ ಈ ಜಾಗ 3.33 ಪಾಯಿಂಟ್. ಇದು 1.67 ಪಾಯಿಂಟ್‌ನಷ್ಟು ಹಿಗ್ಗಬಹುದು, 1.11ರಷ್ಟು ಕುಗ್ಗಬಹುದು. ಸಾಲು ತನಗಿರುವ ಅವಕಾಶದಷ್ಟು ಪೂರ್ತಿ ಹಿಗ್ಗಿದರೆ ಅದರ 'ಕೆಟ್ಟತನ' 100. ಅದರ ಎರಡು ಪಟ್ಟು ಹಿಗ್ಗಿದರೆ 200 ಅಲ್ಲ, 800! ಲೆಕ್ಕ ಘನದಲ್ಲಿ ಏರುತ್ತದೆ. ಲೇಟೆಕ್ ಮಾಮೂಲಾಗಿ ಒಪ್ಪುವುದು 200ರವರೆಗೆ ಮಾತ್ರ. ಕೆಟ್ಟತನ ಹೆಚ್ಚಿದಷ್ಟೂ ಸಾಲಿಗೆ ದಂಡ ಹೆಚ್ಚು. ಪ್ಯಾರಾದ ಒಟ್ಟು ದಂಡ ಎಲ್ಲಿ ಕಡಿಮೆಯೋ ಅಲ್ಲಿ ಸಾಲು ಮುರಿಯುತ್ತದೆ. ಹಾಗಾಗಿ ಕೊನೆಯ ಪದ ಬದಲಾಯಿಸಿದರೆ ಮೊದಲನೇ ಸಾಲೇ ಬದಲಾಗಬಹುದು. ಇದನ್ನು ಕಣ್ಣಾರೆ ನೋಡಿದರೆ ಮಜಾ ಇರುತ್ತದೆ.

ಯಾವ ದಾರಿಯೂ 200ರೊಳಗೆ ಬರದಿದ್ದರೆ ಟೆಕ್ ಕೈಚೆಲ್ಲುತ್ತದೆ. ಪದ ಅಂಚು ದಾಟಿ ಹೊರಗೆ ಚಾಚಿಕೊಳ್ಳುತ್ತದೆ, 'ಓವರ್‌ಫುಲ್ ಎಚ್‌ಬಾಕ್ಸ್' ಅನ್ನುವ ಎಚ್ಚರಿಕೆ ಬರುತ್ತದೆ. ಇದನ್ನು ಕಂಡು ಗಾಬರಿ ಬೇಡ. ಎಷ್ಟು ಪಾಯಿಂಟ್ ಅಂತ ಅದೇ ಹೇಳುತ್ತದೆ. ಒಂದು ಪಾಯಿಂಟ್ ಅಂದರೆ ಸುಮಾರು 0.35 ಮಿಲಿಮೀಟರ್. ಅದಕ್ಕಿಂತ ಕಡಿಮೆ ಇದ್ದರೆ ಸುಮ್ನೆ ಬಿಟ್ಟುಬಿಡಿ, ಯಾರ ಕಣ್ಣಿಗೂ ಬೀಳುವುದಿಲ್ಲ. ಜಾಸ್ತಿ ಇದ್ದರೆ ಫೈಲಿನ ಮೊದಲಲ್ಲಿ ಬರುವ ಡಾಕ್ಯುಮೆಂಟ್ ಕ್ಲಾಸ್ ಆಜ್ಞೆಗೆ 'ಡ್ರಾಫ್ಟ್' ಆಯ್ಕೆ ಕೊಡಿ, ತಪ್ಪಿದ ಸಾಲಿನ ಪಕ್ಕ ಕಪ್ಪು ಪಟ್ಟಿ ಕಾಣುತ್ತದೆ. ಮೊದಲು 'ಮೈಕ್ರೋಟೈಪ್' ಪ್ಯಾಕೇಜ್ (ಲೇಟೆಕ್‌ನ ಹೆಚ್ಚುವರಿ ಸಲಕರಣೆ) ಸೇರಿಸಿ ನೋಡಿ. ಅದು ಅಕ್ಷರಗಳ ಅಗಲವನ್ನೇ ಕಣ್ಣಿಗೆ ಕಾಣದಷ್ಟು ಹಿಗ್ಗಿಸಿ ಕುಗ್ಗಿಸುತ್ತದೆ. ಬಹುಪಾಲು ಎಚ್ಚರಿಕೆಗಳು ಅಲ್ಲೇ ಮಾಯ. ಉಳಿದದ್ದಕ್ಕೆ ವಾಕ್ಯವನ್ನೇ ಸ್ವಲ್ಪ ತಿರುಗಿಸಿ ಬರೆಯುವುದು ನನ್ನ ಪ್ರಕಾರ ಒಳ್ಳೆಯ ಮದ್ದು. ಅಂಥ ಕಡೆ ಹೆಚ್ಚಾಗಿ ವಾಕ್ಯವೂ ಉದ್ದವಾಗಿರುತ್ತದೆ, ಅಲ್ವಾ?

ಮುರಿಯಬಾರದ ಜಾಗ ಯಾವುದು ಅಂತ ಹೇಳುವ ಹಕ್ಕು ಮಾತ್ರ ನಿಮ್ಮದೇ. 'ಚಿತ್ರ~3' ಅಂತ ನಡುವೆ ಟಿಲ್ಡೆ ಹಾಕಿದರೆ 3 ಒಂಟಿಯಾಗಿ ಮುಂದಿನ ಸಾಲಿಗೆ ಹೋಗುವುದಿಲ್ಲ. ಹಾಗಂತ ಈ 3ನ್ನು ಕೈಯಿಂದ ಬರೆಯಬೇಡಿ. ಚಿತ್ರಕ್ಕೆ ಲೇಬಲ್ ಆಜ್ಞೆಯಿಂದ ಒಂದು ಹೆಸರು ಕೊಟ್ಟು, ಸಂಖ್ಯೆಯನ್ನು ರೆಫ್ ಆಜ್ಞೆಯಿಂದ ಕರೆಸಿ. ಲೇಬಲ್ ಯಾವಾಗಲೂ ಕ್ಯಾಪ್ಷನ್ ಆದಮೇಲೆ ಇರಲಿ. ಚಿತ್ರದ ಸಂಖ್ಯೆಯನ್ನು ಏರಿಸುವುದು ಕ್ಯಾಪ್ಷನ್. ಲೇಬಲ್ ಕೊನೆಗೆ ಏರಿದ ಸಂಖ್ಯೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟೇ. ಅದನ್ನು ಮುಂಚೆ ಹಾಕಿದರೆ ಚಿತ್ರದ ಸಂಖ್ಯೆಯ ಬದಲು ಸೆಕ್ಷನ್ ಸಂಖ್ಯೆ ಬಂದು ಕೂರುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ! ಸಂಖ್ಯೆಯ ಜಾಗದಲ್ಲಿ ?? ಕಂಡರೆ ಇನ್ನೊಮ್ಮೆ ಕಂಪೈಲ್ ಮಾಡಿ. ಮೊದಲ ಸುತ್ತಿನಲ್ಲಿ ಅದು ಸಂಖ್ಯೆಗಳನ್ನು ಬರೆದಿಟ್ಟುಕೊಂಡು, ಎರಡನೇ ಸುತ್ತಿನಲ್ಲಿ ಓದಿಕೊಳ್ಳುತ್ತದೆ.

ಚಿತ್ರ ಹಾಕಿದ ಜಾಗದಲ್ಲಿ ನಿಲ್ಲದೆ ಓಡಿಹೋಗುತ್ತದೆ ಅನ್ನುವ ದೂರು ತೀರಾ ಹಳೆಯದು. ಬರವಣಿಗೆ ಮುಗಿಯುವ ತನಕ ಅದರ ಗೊಡವೆಗೇ ಹೋಗಬೇಡಿ.

ಕನ್ನಡದಲ್ಲಿ ಬರೆಯುವುದಾದರೆ ಲೇಟೆಕ್‌ನ ಯೂನಿಕೋಡ್ ರೂಪಗಳಾದ ಝೀಲೇಟೆಕ್ ಅಥವಾ ಲುವಾಲೇಟೆಕ್ ಬಳಸಿ. ಫಾಂಟ್ ಹೇಳುವಾಗ ಲಿಪಿ ಕನ್ನಡ ಅಂತಲೂ ಹೇಳಬೇಕು, ಇಲ್ಲದಿದ್ದರೆ ಒತ್ತಕ್ಷರಗಳು ಸರಿಯಾಗಿ ಕೂರುವುದಿಲ್ಲ. ಲುವಾಲೇಟೆಕ್‌ನಲ್ಲಾದರೆ ಅಕ್ಷರಗಳನ್ನು ಜೋಡಿಸಿ ಕೂರಿಸುವ ಹಾರ್ಫ್‌ಬಝ್ ರೆಂಡರರ್ ಕೂಡ ಆರಿಸಿಕೊಳ್ಳಿ. ಭಾಷೆಗಳನ್ನು ನೋಡಿಕೊಳ್ಳುವ 'ಪಾಲಿಗ್ಲಾಸಿಯಾ' ಪ್ಯಾಕೇಜ್‌ನಲ್ಲಿ ಭಾಷೆ ಕನ್ನಡ ಅಂತ ಕೊಡುವುದನ್ನು ಮಾತ್ರ ಮರೆಯಬೇಡಿ. ನಮ್ಮ ಪದಗಳು ಪ್ರತ್ಯಯ ಅಂಟಿಸಿಕೊಂಡು ಉದ್ದಕ್ಕೆ ಬೆಳೆಯುತ್ತವೆ. ಸಾಲಿಗೆ ಪದ ಕಡಿಮೆಯಾದಷ್ಟೂ ಹಿಗ್ಗುವ ಜಾಗಗಳೂ ಕಡಿಮೆ. ಪದವನ್ನು ಎಲ್ಲೆಲ್ಲಿ ಒಡೆಯಬಹುದು ಅನ್ನುವ ಕನ್ನಡದ ನಿಯಮಗಳು ಭಾಷೆ ಹೇಳಿದಾಗಲೇ ಸಿಗುತ್ತವೆ. ಅವಿಲ್ಲದಿದ್ದರೆ ಪುಟಪುಟಕ್ಕೂ ಓವರ್‌ಫುಲ್ ಎಚ್‌ಬಾಕ್ಸ್ ಎದುರಾಗುತ್ತದೆ.