ಮೂರು ಬಣ್ಣದ ಕ್ಲೈಮ್ಯಾಕ್ಸ್, ಅರ್ಧಕ್ಕಿಳಿದ ಸೈನ್ಯ

2012ರಲ್ಲಿ ವಿಡಿಯೋ ಗೇಮ್ ಮಾಡುವ ಕೆನಡಾದ ಬಯೋವೇರ್ ಕಂಪನಿಗೆ 400 ಕಪ್‌ಕೇಕ್ ಬಂದವು. ಕಳಿಸಿದವರು ಸಿಟ್ಟಿಗೆದ್ದ ಆಟಗಾರರು. ಮೇಲೆ ಕೆಂಪು, ನೀಲಿ, ಹಸಿರು ಕ್ರೀಮ್. ಕಚ್ಚಿದರೆ ಎಲ್ಲವೂ ಒಂದೇ ವೆನಿಲ್ಲಾ! ಆ ಕಂಪನಿಯ 'ಮಾಸ್ ಎಫೆಕ್ಟ್ 3' ಆಡಿ ಮುಗಿಸಿದವರಿಗೆ ಈ ಚುಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಈ ಸರಣಿ ಶುರುವಾಗಿದ್ದು 2007ರಲ್ಲಿ. ಇದರಲ್ಲಿ ನೀವು ಕಮಾಂಡರ್ ಶೆಪರ್ಡ್ ಎಂಬ ಬಾಹ್ಯಾಕಾಶ ಸೇನಾನಿ. ಯಾರನ್ನು ಉಳಿಸುತ್ತೀರಿ, ಯಾರನ್ನು ಸಾಯಲು ಬಿಡುತ್ತೀರಿ ಅನ್ನೋದು ನಿಮ್ಮ ಆಟವನ್ನು ಉಳಿಸಿಡುವ ಸೇವ್ ಫೈಲಿನಲ್ಲಿ ಕೂತು ಮುಂದಿನ ಆಟಕ್ಕೂ ಬರುತ್ತದೆ. ಐದು ವರ್ಷ ಹೀಗೆ ಲೆಕ್ಕ ಇಟ್ಟುಕೊಂಡು ಬಂದವರಿಗೆ ಕೊನೆಯಲ್ಲಿ ಸಿಕ್ಕಿದ್ದು ಮೂರು ದಾರಿ. ಯಾವುದನ್ನು ಹಿಡಿದರೂ ಹೆಚ್ಚುಕಮ್ಮಿ ಅದೇ ದೃಶ್ಯ, ಸ್ಫೋಟದ ಬಣ್ಣ ಮಾತ್ರ ಬೇರೆ. ಎ, ಬಿ, ಸಿ ಅಂತ ಆರಿಸುವ ಎಂಡಿಂಗ್ ಇದಲ್ಲ ಎಂದು ಬಿಡುಗಡೆಗೆ ಮೊದಲು ನಿರ್ದೇಶಕ ಕೇಸಿ ಹಡ್ಸನ್ ಹೇಳಿದ್ದರು. ಆ ಮಾತನ್ನು ಜನ ಮರೆತಿರಲಿಲ್ಲ.

ಮಲ್ಟಿಪ್ಲೇಯರ್, ಅಂದರೆ ಹಲವರು ಆನ್‌ಲೈನ್‌ನಲ್ಲಿ ಸೇರಿ ಆಡುವ ಭಾಗದ ಬಗ್ಗೆ ಎದ್ದ ಜಗಳ ಇದಕ್ಕಿಂತ ಸ್ವಲ್ಪ ಸಿಕ್ಕುಸಿಕ್ಕು. ಸರಣಿಗೆ ಅದು ಬಂದಿದ್ದೇ ಮೂರನೇ ಆಟದಲ್ಲಿ. ಎಲೆ ತುದಿಯ ಉಪ್ಪಿನಕಾಯಿ, ಬೇಕಾದವರು ನೆಕ್ಕಿಕೊಳ್ಳಲಿ ಅಂತ ಕಥೆಗಾಗಿ ಬಂದವರು ಸುಮ್ಮನಿರಬಹುದಿತ್ತು. ಆದರೆ ಕಂಪನಿ ಅದನ್ನು ಅನ್ನಕ್ಕೇ ಕಲಸಿತ್ತು. ಕಥೆಯಲ್ಲಿ ನೀವು ಒಟ್ಟುಮಾಡಿದ ಸೈನ್ಯಕ್ಕೆ ಒಂದು ಅಂಕಿ. ಅದನ್ನು 'ರೆಡಿನೆಸ್' ಎಂಬ ಶೇಕಡಾವಾರಿನಿಂದ ಗುಣಿಸುತ್ತಾರೆ. ರೆಡಿನೆಸ್ ಶುರುವಾಗೋದು 50ರಲ್ಲಿ. ಅಂದರೆ 6000 ಬಲ ಸೇರಿಸಿದರೂ ಲೆಕ್ಕಕ್ಕೆ ಬರೋದು 3000. ಏರಿಸಲು ಮುಖ್ಯ ದಾರಿ ಆನ್‌ಲೈನ್ ಪಂದ್ಯ. ಕೆಲವು ದಿನ ಆಡದೆ ಬಿಟ್ಟರೆ ಮತ್ತೆ ಇಳಿಯುತ್ತದೆ. ಶೆಪರ್ಡ್ ಕೊನೆಗೊಮ್ಮೆ ಉಸಿರೆಳೆಯುವ ಪುಟ್ಟ ದೃಶ್ಯ ಕಾಣಲು ಕನಿಷ್ಠ 4000 ಬೇಕಿತ್ತು. ಮಲ್ಟಿಪ್ಲೇಯರ್ ಮುಟ್ಟದೆಯೂ ಒಳ್ಳೆಯ ಎಂಡಿಂಗ್ ಸಿಗುತ್ತದೆ ಎಂದು ಕಂಪನಿ ಹೇಳಿತ್ತು, ಆದರೆ ಒಬ್ಬರೇ ಆಡುವವರಿಗೆ ಆ ಉಸಿರಿನ ದೃಶ್ಯ ಕೈಗೆಟುಕಲಿಲ್ಲ. ಕೆಲವೇ ಸೆಕೆಂಡಿನ ಉಸಿರಿಗೆ ಇಷ್ಟೊಂದು ರಂಪ ಬೇಕಿತ್ತಾ ಅನ್ನಬಹುದು. ಐದು ವರ್ಷ ಅವನ ಜೊತೆ ಇದ್ದವರಿಗೆ ಬೇಕಿತ್ತು.

ಸಿಟ್ಟು ಒಳ್ಳೆಯ ಕೆಲಸಕ್ಕೂ ತಿರುಗಿತು. 'ರಿಟೇಕ್ ಮಾಸ್ ಎಫೆಕ್ಟ್' ಅಭಿಯಾನದವರು ಚೈಲ್ಡ್ಸ್ ಪ್ಲೇ ಎಂಬ ಮಕ್ಕಳ ದತ್ತಿ ಸಂಸ್ಥೆಗೆ 80,000 ಡಾಲರ್‌ಗೂ ಜಾಸ್ತಿ ಕೂಡಿಸಿದರು. ಜೂನ್‌ನಲ್ಲಿ 'ಎಕ್ಸ್‌ಟೆಂಡೆಡ್ ಕಟ್' ಎಂಬ ಹೆಚ್ಚುವರಿ ಭಾಗ ಉಚಿತವಾಗಿ ಬಂತು. ಎಂಡಿಂಗ್ ಬದಲಾಗಲಿಲ್ಲ, ವಿವರಣೆ ಸೇರಿತು. ಮೂರನ್ನೂ ಬೇಡ ಅನ್ನುವ ನಾಲ್ಕನೇ ದಾರಿಯೂ ಸಿಕ್ಕಿತು. ಹಾಗೆ ಅಂದರೆ ಯುದ್ಧ ಸೋಲುತ್ತೀರಿ! ನನಗಂತೂ ಅದು ಆಟಗಾರರಿಗೆ ಕೊಟ್ಟ ಖಾರದ ಉತ್ತರದ ಹಾಗೇ ಕಾಣುತ್ತದೆ. ಉಸಿರಿನ ದೃಶ್ಯಕ್ಕೆ ಬೇಕಾದ ಅಂಕಿಯನ್ನೂ 3100ಕ್ಕೆ ಇಳಿಸಿದರು.

ಇಷ್ಟರಲ್ಲಿ ತಮಾಷೆ ಆಗಿದ್ದು ಇನ್ನೊಂದು. ರೆಡಿನೆಸ್‌ಗಾಗಿ ಗೊಣಗುತ್ತಾ ಮಲ್ಟಿಪ್ಲೇಯರ್‌ಗೆ ಹೋದವರಲ್ಲಿ ಎಷ್ಟೋ ಜನ ಅಲ್ಲೇ ಉಳಿದುಬಿಟ್ಟರು. ನಾಲ್ಕು ಜನ ಸೇರಿ ಅಲೆ ಅಲೆಯಾಗಿ ಬರುವ ಶತ್ರುಗಳನ್ನು ತಡೆಯುವುದು ನಿಜಕ್ಕೂ ಮಜವಾಗಿತ್ತು. ಕಾದಾಡುವ ಹೊಸ ಜಾಗಗಳು, ಅಂದರೆ ಮ್ಯಾಪ್‌ಗಳು, ಪುಕ್ಕಟೆ ಬಂದವು. ಆದರೆ ಬಂದೂಕು, ಪಾತ್ರಗಳೆಲ್ಲ ಒಳಗೇನಿದೆ ಎಂದು ಗೊತ್ತಿಲ್ಲದ ಪ್ಯಾಕ್ ಒಡೆದಾಗ ಸಿಕ್ಕಿದರೆ ಸಿಕ್ಕಿತು. ಪ್ಯಾಕನ್ನು ಆಡಿ ಗಳಿಸಬಹುದಿತ್ತು, ದುಡ್ಡು ಕೊಟ್ಟೂ ಕೊಳ್ಳಬಹುದಿತ್ತು. ಮುಂದೆ ಲೂಟ್ ಬಾಕ್ಸ್ ಎಂದು ಎಲ್ಲರೂ ಬೈದದ್ದು ಇಂಥದ್ದನ್ನೇ.

2021ರಲ್ಲಿ ಮೂರೂ ಆಟ ಸೇರಿ 'ಲೆಜೆಂಡರಿ ಎಡಿಷನ್' ಬಂತು. ರೆಡಿನೆಸ್ ಗುಣಾಕಾರ ಹೋಯಿತು, ಮಲ್ಟಿಪ್ಲೇಯರೂ ಹೋಯಿತು. ಈ ಸಲ ಅಭಿಮಾನಿಗಳು ಕೇಳಿದ್ದು, ಅದನ್ನು ಯಾಕೆ ತೆಗೆದಿರಿ ಅಂತ.