ಪುಟದಿಂದ ಪುಟಕ್ಕೆ ಡೇಟಾ: ಮೊದಲು ರಿಫ್ರೆಶ್ ಒತ್ತಿ ನೋಡಿ

ರಿವ್ಯೂಗೆ ಬಂದ ವೆಬ್ ಆ್ಯಪ್ ಯಾವುದೇ ಇರಲಿ, ಕೋಡ್ ಓದುವ ಮೊದಲು ನಾನು ಅದನ್ನು ಬ್ರೌಸರ್‌ನಲ್ಲಿ ತೆರೆಯುತ್ತೇನೆ. ಪುಸ್ತಕಗಳ ಪಟ್ಟಿ ಇರುವ ಆ್ಯಪ್ ಅಂದುಕೊಳ್ಳಿ. ಒಂದು ಪುಸ್ತಕ ಒತ್ತಿದರೆ ಅದರ ವಿವರದ ಪುಟ ಥಟ್ಟನೆ ಬರುತ್ತದೆ. ಚೆನ್ನಾಗಿದೆ. ಈಗ ರಿಫ್ರೆಶ್ ಒತ್ತುತ್ತೇನೆ. ಪರದೆ ಬೆಳ್ಳಗಾಗುತ್ತದೆ, ಬ್ರೌಸರ್ ದೋಷಗಳನ್ನು ತೋರಿಸುವ ಕನ್ಸೋಲ್‌ನಲ್ಲಿ ಕೆಂಪು ಸಾಲು ಬೀಳುತ್ತದೆ: ‘ನಲ್’ (ಅಂದರೆ ಏನೂ ಇಲ್ಲ) ಒಳಗಿಂದ ‘ಟೈಟಲ್’ ಓದಲು ಆಗುತ್ತಿಲ್ಲ. ಬರೆದವರನ್ನು ಕೇಳಿದರೆ ಉತ್ತರ ರೆಡಿ ಇರುತ್ತದೆ: “ಅಲ್ಲಿಗೆ ಬಂದು ಯಾರು ಸಾರ್ ರಿಫ್ರೆಶ್ ಮಾಡ್ತಾರೆ?”

ಎಲ್ಲರೂ ಮಾಡುತ್ತಾರೆ. ನೆಟ್‌ವರ್ಕ್ ಸ್ವಲ್ಪ ತಡವಾದರೆ ಸಾಕು, ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಫೋನ್‌ನಲ್ಲಂತೂ ಏನೂ ಮಾಡಬೇಕಿಲ್ಲ. ಬೇರೆ ಆ್ಯಪ್‌ಗೆ ಹೋಗಿ ಬರುವಷ್ಟರಲ್ಲಿ ಮೆಮೊರಿ ಸಾಲದೆ ಬ್ರೌಸರೇ ಟ್ಯಾಬನ್ನು ಮೆಮೊರಿಯಿಂದ ತೆಗೆದುಹಾಕಿರಬಹುದು. ವಾಪಸ್ ಬಂದಾಗ ಪುಟ ಮೊದಲಿನಿಂದ ಲೋಡ್ ಆಗುತ್ತದೆ.

ಸಿಂಗಲ್ ಪೇಜ್ ಆ್ಯಪ್‌ನಲ್ಲಿ ನಾವು ‘ಪುಟ’ ಅನ್ನುವುದು ನಿಜಕ್ಕೂ ಪುಟವಲ್ಲ ಅನ್ನುವುದರಿಂದಲೇ ಈ ತೊಂದರೆ ಶುರುವಾಗುತ್ತದೆ. ಬ್ರೌಸರ್ ಲೋಡ್ ಮಾಡಿದ್ದು ಒಂದೇ ಎಚ್‌ಟಿಎಂಎಲ್. ಲಿಂಕ್ ಒತ್ತಿದಾಗ ರೂಟರ್ (ಯಾವ ವಿಳಾಸಕ್ಕೆ ಏನು ತೋರಿಸಬೇಕು ಅಂತ ನೋಡಿಕೊಳ್ಳುವ ಕೋಡ್) ಮಾಡುವುದು ಇಷ್ಟೇ: ಬ್ರೌಸರ್‌ನ ‘ಪುಶ್‌ಸ್ಟೇಟ್’ ಕರೆದು ಅಡ್ರೆಸ್ ಬಾರ್‌ನಲ್ಲಿರುವ ವಿಳಾಸ ಬದಲಿಸುತ್ತದೆ, ಪರದೆಯ ಒಂದು ಭಾಗವಾದ ಕಂಪೊನೆಂಟ್ ತೆಗೆದು ಇನ್ನೊಂದನ್ನು ಕೂರಿಸುತ್ತದೆ. ಸರ್ವರ್‌ಗೆ ಇದ್ಯಾವುದೂ ಗೊತ್ತೇ ಆಗುವುದಿಲ್ಲ. ಜಾವಾಸ್ಕ್ರಿಪ್ಟ್‌ನ ಮೆಮೊರಿ ಹಾಗೇ ಇರುತ್ತದೆ. ಹಾಗಾಗಿ ಒಂದು ಪುಟದ ಡೇಟಾ ಇನ್ನೊಂದಕ್ಕೆ ಬೇಕಾದರೆ ಒಂದು ವೇರಿಯಬಲ್‌ನಲ್ಲಿ ಇಟ್ಟರೆ ಆಯಿತು, ಕೆಲಸ ನಡೆಯುತ್ತದೆ. ರಿಫ್ರೆಶ್ ಆದ ಕೂಡಲೇ ಆ ಮೆಮೊರಿ ಪೂರ್ತಿ ಖಾಲಿ. ವಿಳಾಸ ಮಾತ್ರ ಉಳಿದಿರುತ್ತದೆ.

ಹಾಗಾಗಿ ‘ಡೇಟಾ ಹೇಗೆ ಕಳಿಸಲಿ?’ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ನಾಲ್ಕು ಪ್ರಶ್ನೆ ಕೇಳುತ್ತೇನೆ. ರಿಫ್ರೆಶ್ ಆದರೆ ಈ ಡೇಟಾ ಇರಬೇಕಾ? ಬ್ಯಾಕ್ ಒತ್ತಿದರೆ? ಲಿಂಕನ್ನು ಇನ್ನೊಬ್ಬರಿಗೆ ಕಳಿಸಿದರೆ? ಹೊಸ ಟ್ಯಾಬ್‌ನಲ್ಲಿ ತೆರೆದರೆ? ಇವಕ್ಕೆ ಉತ್ತರ ಸಿಕ್ಕರೆ ಡೇಟಾ ಎಲ್ಲಿರಬೇಕು ಅನ್ನುವುದು ತಾನಾಗಿ ತೀರ್ಮಾನವಾಗುತ್ತದೆ. ಯಾವ ಲೈಬ್ರರಿ ಅನ್ನುವುದು ಆಮೇಲಿನ ಮಾತು.

ಪುಸ್ತಕದ ವಿವರಕ್ಕೆ ನಾಲ್ಕೂ ಪ್ರಶ್ನೆಗೆ ‘ಹೌದು’ ಅನ್ನುವುದೇ ಉತ್ತರ. ಹಾಗಿದ್ದಮೇಲೆ ಪುಸ್ತಕದ ಐಡಿ ವಿಳಾಸದಲ್ಲೇ ಇರಬೇಕು. ಪುಸ್ತಕದ ಎಲ್ಲ ವಿವರ ಕಟ್ಟಿಟ್ಟ ಪೂರ್ತಿ ಆಬ್ಜೆಕ್ಟ್ ಹೊತ್ತೊಯ್ಯುವ ಅಗತ್ಯವಿಲ್ಲ. ‘42’ ಅಂತ ಯೂಆರ್‌ಎಲ್‌ನಲ್ಲಿ, ಅಂದರೆ ಆ ವಿಳಾಸದಲ್ಲಿ, ಇದ್ದರೆ ವಿವರದ ಪುಟ ತನಗೆ ಬೇಕಾದ್ದನ್ನು ತಾನೇ ತಂದುಕೊಳ್ಳುತ್ತದೆ. ಪಟ್ಟಿಯ ಪುಟದಲ್ಲಿ ಹಾಕಿದ ಫಿಲ್ಟರ್, ಸಾರ್ಟ್, ಎಷ್ಟನೇ ಪುಟ, ಹುಡುಕಿದ ಪದ, ಇವೂ ಯೂಆರ್‌ಎಲ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಬರುವ ಕ್ವೆರಿ ಭಾಗಕ್ಕೆ ಸೇರಿದವು. ಯಾರೋ ಹತ್ತು ನಿಮಿಷ ಕೂತು ಫಿಲ್ಟರ್ ಹಾಕಿ ಸ್ನೇಹಿತರಿಗೆ ಲಿಂಕ್ ಕಳಿಸಿದರೆ, ಅವರಿಗೆ ಬರೀ ಮೊದಲ ಪುಟ ಕಂಡರೆ ಸಿಟ್ಟು ಬರದೇ ಇರುತ್ತಾ?

ಯೂಆರ್‌ಎಲ್‌ನಲ್ಲಿ ಕಾಡುವುದು ಸಣ್ಣಪುಟ್ಟ ವಿಷಯಗಳೇ. ಅಲ್ಲಿ ಎಲ್ಲವೂ ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು. ‘ಸ್ಟಾಕ್ ಇರುವುದು ಮಾತ್ರ’ ಅನ್ನುವ ಚೆಕ್‌ಬಾಕ್ಸ್ ತೆಗೆದಾಗ ‘ಫಾಲ್ಸ್’ ಅಂತ ಬರೆದಿಟ್ಟರೆ, ಓದುವಾಗ ಸಿಗುವುದು ಐದು ಇಂಗ್ಲಿಷ್ ಅಕ್ಷರದ ಒಂದು ಸ್ಟ್ರಿಂಗ್. ಖಾಲಿಯಲ್ಲದ ಸ್ಟ್ರಿಂಗ್ ಆದ್ದರಿಂದ ಜಾವಾಸ್ಕ್ರಿಪ್ಟ್ ಅದನ್ನು ‘ಟ್ರೂ’ ಅಂತಲೇ ಎಣಿಸುತ್ತದೆ. ಫಿಲ್ಟರ್ ತೆಗೆದಷ್ಟೂ ಫಿಲ್ಟರ್ ಆಗುತ್ತಲೇ ಇರುತ್ತದೆ. ಇನ್ನೊಂದು, ಹುಡುಕಿದ ಪದದಲ್ಲಿ ಪ್ಲಸ್ ಚಿಹ್ನೆ ಇದ್ದಾಗ. ಯೂಆರ್‌ಎಲ್ಲನ್ನು ಕೈಯಾರೆ ಜೋಡಿಸಿದರೆ, ‘ಸಿ ಪ್ಲಸ್ ಪ್ಲಸ್’ ಅಂತ ಚಿಹ್ನೆ ಹಾಕಿ ಹುಡುಕಿದವರ ಪ್ಲಸ್‌ಗಳು ಓದುವಾಗ ಸ್ಪೇಸ್ ಆಗಿರುತ್ತವೆ, ಬರೀ ‘ಸಿ’ ಉಳಿಯುತ್ತದೆ. ಬ್ರೌಸರ್‌ನಲ್ಲೇ ಇರುವ ‘ಯೂಆರ್‌ಎಲ್ ಸರ್ಚ್ ಪ್ಯಾರಾಮ್ಸ್’ ಬಳಸಿ, ಸುಮ್ನೆ ಸ್ಟ್ರಿಂಗ್ ಜೋಡಿಸಬೇಡಿ. ಹಾಗೇ, ಹುಡುಕುವ ಬಾಕ್ಸ್‌ನಲ್ಲಿ ಒಂದೊಂದು ಅಕ್ಷರ ಟೈಪ್ ಮಾಡಿದಾಗಲೂ ಪುಶ್ ಮಾಡಿದರೆ ಹಿಸ್ಟರಿಯಲ್ಲಿ ಅಷ್ಟೂ ಎಂಟ್ರಿ ಸೇರುತ್ತವೆ. ಅಲ್ಲಿಂದ ಹೊರಬರಲು ಬ್ಯಾಕ್ ಬಟನ್ ಕುಟ್ಟುತ್ತಲೇ ಇರಬೇಕು. ಟೈಪ್ ಮಾಡುವಾಗ, ಹೊಸ ಎಂಟ್ರಿ ಸೇರಿಸದೆ ಇರುವುದನ್ನೇ ಬದಲಿಸುವ ‘ರಿಪ್ಲೇಸ್’ ಸಾಕು.

ಯೂಆರ್‌ಎಲ್‌ನಲ್ಲಿ ಗುಟ್ಟು ನಿಲ್ಲುವುದಿಲ್ಲ. ಅದು ಬ್ರೌಸರ್ ಹಿಸ್ಟರಿಯಲ್ಲಿ ಕೂರುತ್ತದೆ, ಸರ್ವರ್ ಲಾಗ್‌ಗೆ ಹೋಗುತ್ತದೆ, ಅನಾಲಿಟಿಕ್ಸ್ ಸ್ಕ್ರಿಪ್ಟ್ ಸಾಮಾನ್ಯವಾಗಿ ಅದನ್ನು ಪೂರ್ತಿ ಎತ್ತಿಕೊಂಡು ಹೋಗುತ್ತದೆ. ಹ್ಯಾಶ್ ಚಿಹ್ನೆಯ ನಂತರದ ಭಾಗ ಸರ್ವರ್‌ಗೆ ಹೋಗುವುದಿಲ್ಲ ನಿಜ, ಆದರೆ ಪುಟದಲ್ಲಿರುವ ಯಾವ ಸ್ಕ್ರಿಪ್ಟ್ ಬೇಕಾದರೂ ಅದನ್ನು ಓದಬಹುದು. ಲಾಗಿನ್ ಟೋಕನ್, ಫೋನ್ ನಂಬರ್, ಇಮೇಲ್ ಅಲ್ಲಿಗೆ ಬೇಡ.

ಇನ್ನು ಹಿಸ್ಟರಿ ಸ್ಟೇಟ್. ಇದನ್ನು ಜನ ಜಾಸ್ತಿ ಬಳಸುತ್ತಾರೆ, ಕಡಿಮೆ ಅರ್ಥ ಮಾಡಿಕೊಂಡಿರುತ್ತಾರೆ. ರಿಯಾಕ್ಟ್ ಆ್ಯಪ್‌ಗಳಲ್ಲಿ ಬಳಸುವ ರಿಯಾಕ್ಟ್ ರೂಟರ್‌ನಲ್ಲಿ, ಬೇರೆ ಪುಟಕ್ಕೆ ಹೋಗಲು ‘ನ್ಯಾವಿಗೇಟ್’ ಕರೆಯುವಾಗ ಪಕ್ಕದಲ್ಲಿ ‘ಸ್ಟೇಟ್’ ಅಂತ ಒಂದು ಆಬ್ಜೆಕ್ಟ್ ಕೊಡಬಹುದಲ್ಲ, ಅದು ಇದೇ. ಇನ್ನೊಂದು ಫ್ರೇಮ್‌ವರ್ಕ್ ಆದ ಆ್ಯಂಗ್ಯುಲರ್‌ನಲ್ಲಿ ಈ ಸೌಲಭ್ಯ 7.2 ಆವೃತ್ತಿಯಲ್ಲಿ ಬಂತು. ಕೆಳಗೆ ಕೆಲಸ ಮಾಡುವುದು ಬ್ರೌಸರ್‌ನ ಹಿಸ್ಟರಿ ಎಪಿಐ: ಹಿಸ್ಟರಿಯ ಒಂದೊಂದು ಎಂಟ್ರಿಗೂ ಒಂದು ಆಬ್ಜೆಕ್ಟ್ ಅಂಟಿಸಿಡುತ್ತದೆ. ಲಿಂಕ್ ನಕಲು ಮಾಡಿ ಬೇರೆಯವರು ತೆರೆದರೆ ಅಲ್ಲಿ ‘ನಲ್’ ಸಿಗುತ್ತದೆ. ಇದು ಹೆಚ್ಚಿನವರಿಗೆ ಗೊತ್ತು. ರಿಫ್ರೆಶ್ ಮಾಡಿದರೂ ಈ ಆಬ್ಜೆಕ್ಟ್ ಹೋಗುವುದಿಲ್ಲ ಅನ್ನುವುದು ಅಷ್ಟಾಗಿ ಗೊತ್ತಿರುವುದಿಲ್ಲ. ಬ್ರೌಸರ್ ಅದನ್ನು ಎಂಟ್ರಿಯ ಜೊತೆಗೇ ಕಾಪಾಡುತ್ತದೆ.

ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಎಡಿಟ್ ಫಾರ್ಮ್ ಸೇವ್ ಆದಮೇಲೆ ಪಟ್ಟಿಗೆ ಮರಳುವಾಗ ‘ಸೇವ್ ಆಯಿತು’ ಅನ್ನುವ ಸಂದೇಶವನ್ನು ಸ್ಟೇಟ್‌ನಲ್ಲಿ ಕಳಿಸುತ್ತಾರೆ. ಹಸಿರು ಪಟ್ಟಿಯಲ್ಲಿ ಸಂದೇಶ ಬಂತು, ಹೋಯಿತು. ಬಳಕೆದಾರರು ರಿಫ್ರೆಶ್ ಮಾಡುತ್ತಾರೆ. ಮತ್ತೆ ‘ಸೇವ್ ಆಯಿತು’. ಒಂದು ವಿವರದ ಪುಟಕ್ಕೆ ಹೋಗಿ ಬ್ಯಾಕ್ ಒತ್ತುತ್ತಾರೆ. ಮತ್ತೆ ‘ಸೇವ್ ಆಯಿತು’. ಎರಡು ಸಲ ಸೇವ್ ಆಯಿತೇನೋ ಅಂತ ಗಾಬರಿಯಾಗಿ ಸಪೋರ್ಟ್‌ಗೆ ಬರೆಯುತ್ತಾರೆ. ಮದ್ದು ಸುಲಭ: ಸಂದೇಶ ತೋರಿಸಿದ ಕೂಡಲೇ ಅದೇ ವಿಳಾಸಕ್ಕೆ ಖಾಲಿ ಸ್ಟೇಟ್ ಹಾಕಿ ರಿಪ್ಲೇಸ್ ಮಾಡಿಬಿಡಿ. ಇಲ್ಲವೇ ಇಂಥ ಸಂದೇಶವನ್ನು ಮೆಮೊರಿಯಲ್ಲೇ ಇಡಿ. ರಿಫ್ರೆಶ್ ಆದರೆ ಹೋಗಬೇಕಾದ ಡೇಟಾಗೆ ಮೆಮೊರಿಗಿಂತ ಒಳ್ಳೆಯ ಜಾಗವಿಲ್ಲ.

ಸ್ಟೇಟ್‌ಗೆ ಏನು ಹಾಕಬಹುದು ಅನ್ನುವುದಕ್ಕೂ ಮಿತಿ ಇದೆ. ಬ್ರೌಸರ್ ಅದನ್ನು ನಕಲು ಮಾಡಿ ಇಡುತ್ತದೆ. ಫಂಕ್ಷನ್ ಹಾಕಿದರೆ ‘ಡೇಟಾ ಕ್ಲೋನ್ ಎರರ್’ ಬರುತ್ತದೆ. ಕ್ಲಾಸ್‌ನಿಂದ ಮಾಡಿದ ಆಬ್ಜೆಕ್ಟ್ ಹಾಕಿದರೆ ಇನ್ನೂ ಕಿರಿಕಿರಿ: ಎರರ್ ಬರುವುದಿಲ್ಲ, ಆದರೆ ತೆಗೆದಾಗ ಅದರ ಮೆಥಡ್‌ಗಳೆಲ್ಲ ಮಾಯವಾಗಿ ಬರೀ ಡೇಟಾ ಉಳಿದಿರುತ್ತದೆ.

ವ್ಯೂ ಫ್ರೇಮ್‌ವರ್ಕ್‌ನ ವ್ಯೂ ರೂಟರ್‌ನಲ್ಲಿ ಒಂದು ಅಭ್ಯಾಸ ಬೆಳೆದಿತ್ತು. ರೂಟ್‌ನ ವಿಳಾಸದಲ್ಲಿ ಇಲ್ಲದ ಹೆಸರನ್ನೂ ‘ಪ್ಯಾರಾಮ್ಸ್’ ಒಳಗೆ ಹಾಕಿ ಇಡೀ ಆಬ್ಜೆಕ್ಟ್ ದಾಟಿಸುತ್ತಿದ್ದರು. ಅದು ಮೆಮೊರಿಯಲ್ಲಿ ಮಾತ್ರ ಇರುತ್ತಿತ್ತು, ರಿಫ್ರೆಶ್ ಆದರೆ ಕೈಕೊಡುತ್ತಿತ್ತು. 2022ರ ಆಗಸ್ಟ್‌ನಲ್ಲಿ ಬಂದ 4.1.4 ಆವೃತ್ತಿ ಅಂಥ ಪ್ಯಾರಾಮ್‌ಗಳನ್ನು ಎಸೆದು ಕನ್ಸೋಲ್‌ನಲ್ಲಿ ಎಚ್ಚರಿಕೆ ಕೊಡಲು ಶುರುಮಾಡಿತು. ಸಣ್ಣ ಅಪ್‌ಡೇಟ್ ಅಂತ ಹಾಕಿಕೊಂಡು ಆ್ಯಪ್ ಮುರಿದವರಿಗೆ ಸಿಟ್ಟು ಬಂದದ್ದು ಸಹಜ. ಆದರೂ ನನ್ನ ಪ್ರಕಾರ ಅದು ಸರಿಯಾದ ತೀರ್ಮಾನ. ಆ ಕೋಡ್ ಮೊದಲೇ ಮುರಿದಿತ್ತು, ಕಾಣುತ್ತಿರಲಿಲ್ಲ ಅಷ್ಟೇ.

ಹಾಗಾದರೆ ಪಟ್ಟಿಯಲ್ಲಿ ಆಗಲೇ ಇರುವ ಡೇಟಾವನ್ನು ವಿವರದ ಪುಟಕ್ಕೆ ಕೊಡಲೇಬಾರದಾ? ಕೊಡಿ, ಆದರೆ ಅದನ್ನೇ ನಂಬಿ ಕೂರಬೇಡಿ. ಐಡಿ ಯೂಆರ್‌ಎಲ್‌ನಲ್ಲಿ ಹೋಗಲಿ. ಪುಸ್ತಕದ ಹೆಸರು, ಚಿತ್ರ ಬೇಕಾದರೆ ಸ್ಟೇಟ್‌ನಲ್ಲಿ ಜೊತೆಗೆ ಹೋಗಲಿ. ವಿವರದ ಪುಟ ತೆರೆದ ಕೂಡಲೇ ಅವನ್ನು ತೋರಿಸಿ, ಹಿಂದೆಯೇ ಸರ್ವರ್‌ನಿಂದ ಪೂರ್ತಿ ವಿವರ ತರಿಸಿಕೊಳ್ಳಲಿ. ಸ್ಟೇಟ್ ಇಲ್ಲದಿದ್ದರೆ ಒಂದು ಕ್ಷಣ ಲೋಡಿಂಗ್ ಕಾಣುತ್ತದೆ, ಅಷ್ಟೇ. ಸರ್ವರ್‌ನ ಡೇಟಾ ತಂದು ಕ್ಯಾಶ್‌ನಲ್ಲಿ ಇಟ್ಟುಕೊಳ್ಳುವ ಟ್ಯಾನ್‌ಸ್ಟ್ಯಾಕ್ ಕ್ವೆರಿ ಲೈಬ್ರರಿ ಬಳಸುವವರಿಗೆ ಒಂದು ಮಾತು: ಹೀಗೆ ಅರೆಬರೆ ಡೇಟಾ ಕೊಡುವಾಗ ‘ಪ್ಲೇಸ್‌ಹೋಲ್ಡರ್ ಡೇಟಾ’ ಬಳಸಿ. ‘ಇನಿಷಿಯಲ್ ಡೇಟಾ’ ಆದರೆ ಅದು ಕ್ಯಾಶ್‌ಗೇ ಸೇರಿಕೊಳ್ಳುತ್ತದೆ. ‘ಸ್ಟೇಲ್ ಟೈಮ್’ (ಡೇಟಾವನ್ನು ಎಷ್ಟು ಹೊತ್ತು ತಾಜಾ ಅಂತ ಎಣಿಸಬೇಕು ಅನ್ನುವುದು) ಇಟ್ಟಿದ್ದರೆ ಅಷ್ಟು ಹೊತ್ತು ಆ ಅರ್ಧ ಡೇಟಾವೇ ಪೂರ್ತಿ ಅಂತ ಕೂತುಬಿಡುತ್ತದೆ.

ರಿಡಕ್ಸ್, ಪಿನಿಯಾ, ಜುಸ್ಟಾಂಡ್ ತರಹದ, ಇಡೀ ಆ್ಯಪ್‌ಗೆ ಸಿಗುವಂತೆ ಮೆಮೊರಿಯಲ್ಲಿ ಡೇಟಾ ಇಡುವ ಗ್ಲೋಬಲ್ ಸ್ಟೋರ್‌ಗಳ ಬಗ್ಗೆ ಹೇಳುವುದು ಕಡಿಮೆ. ಲಾಗಿನ್ ಆದವರ ಹೆಸರು, ಥೀಮ್, ಕಾರ್ಟ್ ಇಂಥವಕ್ಕೆ ಅವು ಸರಿ. ಆದರೆ ಸ್ಟೋರ್‌ನಲ್ಲಿ ‘ಸೆಲೆಕ್ಟೆಡ್ ಬುಕ್’ ಅಂತ ಒಂದು ಹೆಸರು ಕಂಡರೆ ನಾನು ಅಲ್ಲೇ ನಿಲ್ಲುತ್ತೇನೆ. ಯಾಕೆ ಅಂತ ನೀವೇ ಮಾಡಿ ನೋಡಿ. ಪಟ್ಟಿಯಿಂದ 42ನೇ ಪುಸ್ತಕ ತೆರೆಯಿರಿ. ಅದರ ಕೆಳಗೆ ‘ಇಂಥದೇ ಇನ್ನಷ್ಟು’ ಅಂತ ಇರುವ ಕಡೆ 77ನೆಯದನ್ನು ಒತ್ತಿ. ಈಗ ಬ್ಯಾಕ್. ಅಡ್ರೆಸ್ ಬಾರ್ 42 ಅನ್ನುತ್ತದೆ, ಪರದೆ 77 ತೋರಿಸುತ್ತದೆ. ಬ್ಯಾಕ್ ಬಟನ್ ವಿಳಾಸವನ್ನು ಹಿಂದಕ್ಕೆ ತಂದಿದೆ, ಸ್ಟೋರನ್ನು ಯಾರೂ ತಂದಿಲ್ಲ. ಒಂದೇ ವಿಷಯ ಎರಡು ಕಡೆ ಇದ್ದರೆ ಒಂದಲ್ಲ ಒಂದು ದಿನ ಎರಡೂ ಬೇರೆ ಬೇರೆ ಹೇಳುತ್ತವೆ. ಬಳಕೆದಾರರು ಆಗ ‘ಡಿಲೀಟ್’ ಒತ್ತಿದರೆ ಹೋಗುವ ಪುಸ್ತಕ ಯಾವುದು ಅನ್ನುವುದು ಕೋಡ್ ಬರೆದವರ ಅದೃಷ್ಟ.

ಎರಡು ಮೂರು ಹಂತದ ಫಾರ್ಮ್‌ಗಳ ಕಥೆಯೇ ಬೇರೆ. ಮನೆ ವಿಳಾಸ ತುಂಬಿ, ಡೆಲಿವರಿ ಆಯ್ಕೆ ಮಾಡಿ, ಕೊನೆಗೆ ಖಾತ್ರಿ ಮಾಡುವ ಪುಟ. ಈ ಡೇಟಾ ಯೂಆರ್‌ಎಲ್‌ಗೆ ಸೇರದು, ಯಾರಿಗೂ ಹಂಚುವಂಥದ್ದೂ ಅಲ್ಲ. ಆದರೆ ರಿಫ್ರೆಶ್ ಆದರೆ ಇರಲೇಬೇಕು. ಒಟಿಪಿ ನೋಡಲು ಮೆಸೇಜ್ ಆ್ಯಪ್‌ಗೆ ಹೋಗಿ ಬಂದವರಿಗೆ ಖಾಲಿ ಫಾರ್ಮ್ ತೋರಿಸಿದರೆ ಅವರು ಮತ್ತೆ ತುಂಬುವುದು ಅನುಮಾನ. ಇಲ್ಲಿ ಬ್ರೌಸರ್‌ನ ಸೆಶನ್ ಸ್ಟೋರೇಜ್ ಹೊಂದುತ್ತದೆ. ಅದು ಆಯಾ ಟ್ಯಾಬ್‌ಗೆ ಸೀಮಿತ, ರಿಫ್ರೆಶ್‌ಗೆ ಜಗ್ಗುವುದಿಲ್ಲ, ಟ್ಯಾಬ್ ಮುಚ್ಚಿದರೆ ಹೋಗುತ್ತದೆ. ಸುಮಾರು 5 ಎಂಬಿ ಜಾಗ ಸಿಗುತ್ತದೆ, ಫಾರ್ಮ್‌ಗೆ ಅದು ಧಾರಾಳ. ಎಲ್ಲ ಟ್ಯಾಬ್‌ಗೂ ಒಂದೇ ಆಗಿರುವ ಲೋಕಲ್ ಸ್ಟೋರೇಜ್‌ನಲ್ಲಿ ಇಟ್ಟರೆ ಎರಡು ಟ್ಯಾಬ್‌ನಲ್ಲಿ ಎರಡು ಆರ್ಡರ್ ತುಂಬುವವರ ಡೇಟಾ ಒಂದರ ಮೇಲೊಂದು ಬೀಳುತ್ತದೆ. ಹಲವರು ಬಳಸುವ ಕಂಪ್ಯೂಟರ್ ಆದರೆ ಒಬ್ಬರ ವಿಳಾಸ ಮುಂದೆ ಕೂತವರಿಗೆ ಕಾಣುತ್ತದೆ.

ಸೆಶನ್ ಸ್ಟೋರೇಜ್ ಕೂಡ ಸ್ಟ್ರಿಂಗ್ ಮಾತ್ರ ಇಟ್ಟುಕೊಳ್ಳುವುದರಿಂದ ಎಲ್ಲರೂ ಡೇಟಾವನ್ನು ಜೇಸನ್ ಅನ್ನುವ ಪಠ್ಯರೂಪಕ್ಕೆ ತಂದು ಹಾಕುತ್ತಾರೆ. ಡೇಟ್ ಹಾಕಿದರೆ ವಾಪಸ್ ಸ್ಟ್ರಿಂಗ್ ಬರುತ್ತದೆ. ‘ಅನ್‌ಡಿಫೈನ್ಡ್’ ಇರುವ ಫೀಲ್ಡ್ ಕಾಣೆಯಾಗುತ್ತದೆ. ಜಾವಾಸ್ಕ್ರಿಪ್ಟ್‌ನ ‘ಮ್ಯಾಪ್’ ಖಾಲಿ ಆಬ್ಜೆಕ್ಟ್ ಆಗುತ್ತದೆ. ಆರಿಸಿದ ಫೈಲ್ ಅಂತೂ ಉಳಿಯುವುದೇ ಇಲ್ಲ. ಅದನ್ನು ಆಗಲೇ ಅಪ್‌ಲೋಡ್ ಮಾಡಿ ಸರ್ವರ್ ಕೊಟ್ಟ ಐಡಿ ಮಾತ್ರ ಇಟ್ಟುಕೊಳ್ಳುವುದು ವಾಸಿ. ಮೂರನೇ ಹಂತದ ಲಿಂಕನ್ನು ನೇರವಾಗಿ ತೆರೆದವರಿಗೆ ಡ್ರಾಫ್ಟ್ ಇಲ್ಲದಿದ್ದರೆ ಮೊದಲ ಹಂತಕ್ಕೆ ಕಳಿಸಿ. ಆರ್ಡರ್ ಆದಮೇಲೆ ಡ್ರಾಫ್ಟ್ ಅಳಿಸಿ. ಮತ್ತೆ, ‘ಡೂಪ್ಲಿಕೇಟ್ ಟ್ಯಾಬ್’ ಒತ್ತಿದರೆ ಸೆಶನ್ ಸ್ಟೋರೇಜ್ ಕೂಡ ನಕಲಾಗುತ್ತದೆ. ಒಂದೇ ಡ್ರಾಫ್ಟ್ ಎರಡು ಟ್ಯಾಬ್‌ನಿಂದ ಎರಡು ಸಲ ಸಬ್‌ಮಿಟ್ ಆಗಬಹುದು. ಡ್ರಾಫ್ಟ್‌ಗೆ ಒಂದು ಐಡಿ ಕೊಟ್ಟು, ಅದೇ ಐಡಿ ಮತ್ತೆ ಬಂದರೆ ಸರ್ವರ್ ಹೊಸ ಆರ್ಡರ್ ಮಾಡದಂತೆ ನೋಡಿಕೊಳ್ಳಿ.

ಒಟ್ಟು ಮೊತ್ತವನ್ನು ಕಾರ್ಟ್ ಪುಟದಿಂದ ಪೇಮೆಂಟ್ ಪುಟಕ್ಕೆ ಕಳಿಸುವ ಕೋಡ್ ಈಗಲೂ ಸಿಗುತ್ತದೆ. ತೋರಿಸುವುದಕ್ಕೆ ಆದರೆ ಸರಿ. ಸರ್ವರ್ ಆ ಮೊತ್ತವನ್ನೇ ನಂಬಿ ಹಣ ಕಡಿತ ಮಾಡಿದರೆ, ಡೆವಲಪರ್ ಟೂಲ್ಸ್ ತೆರೆಯಲು ಗೊತ್ತಿರುವ ಯಾರು ಬೇಕಾದರೂ ಬೆಲೆ ನಿಗದಿ ಮಾಡಬಹುದು. ಯೂಆರ್‌ಎಲ್, ಹಿಸ್ಟರಿ ಸ್ಟೇಟ್, ಸ್ಟೋರೇಜ್, ಮೂರೂ ಬಳಕೆದಾರರ ಕೈಯಲ್ಲಿವೆ.

ಕೊನೆಯದಾಗಿ, ಲಾಗಿನ್. ಲಾಗಿನ್ ಆಗದವರು ಆರ್ಡರ್ ಪುಟ ತೆರೆದರೆ ಲಾಗಿನ್ ಪುಟಕ್ಕೆ ಕಳಿಸುತ್ತೇವೆ, ಆಮೇಲೆ ಇದ್ದ ಜಾಗಕ್ಕೇ ವಾಪಸ್ ತರಬೇಕು. ಎಲ್ಲಿಂದ ಬಂದರು ಅನ್ನುವುದನ್ನು ‘ನೆಕ್ಸ್ಟ್’ ಅಂತ ಕ್ವೆರಿಯಲ್ಲಿ ಇಡುವುದು ರೂಢಿ. ಬೇರೊಂದು ಸೈಟ್ ಮೂಲಕ ಲಾಗಿನ್ ಆಗಿ ಬರುವವರಿದ್ದರೆ ಮೆಮೊರಿಯಲ್ಲಿಟ್ಟ ಡೇಟಾ ಉಳಿಯುವುದೂ ಇಲ್ಲ. ಆದರೆ ಆ ಜಾಗದಲ್ಲಿ ಯಾರಾದರೂ ತಮ್ಮ ಸೈಟಿನ ವಿಳಾಸ ತುರುಕಿ ಲಿಂಕ್ ಹಂಚಿದರೆ, ನಮ್ಮ ಲಾಗಿನ್ ಪುಟವೇ ಜನರನ್ನು ಅಲ್ಲಿಗೆ ಕರೆದೊಯ್ಯುತ್ತದೆ. ಸ್ಲ್ಯಾಶ್‌ನಿಂದ ಶುರುವಾಗಿದೆಯಾ ಅಂತ ನೋಡಿದರೆ ಸಾಲದು. ಎರಡು ಸ್ಲ್ಯಾಶ್‌ನಿಂದ ಶುರುವಾದ ವಿಳಾಸವನ್ನು ಬ್ರೌಸರ್ ಬೇರೆ ಸೈಟ್ ಅಂತಲೇ ಓದುತ್ತದೆ, ಬ್ಯಾಕ್‌ಸ್ಲ್ಯಾಶ್ ಹಾಕಿದರೂ ಅದೇ ಗತಿ. ಬ್ರೌಸರ್‌ನ ‘ಯೂಆರ್‌ಎಲ್’ ಆಬ್ಜೆಕ್ಟ್‌ಗೆ ನಮ್ಮ ಸೈಟನ್ನೇ ಬೇಸ್ ಆಗಿ ಕೊಟ್ಟು ಪಾರ್ಸ್ ಮಾಡಿಸಿ, ಒರಿಜಿನ್ (ವಿಳಾಸ ಯಾವ ಸೈಟಿನದು ಅನ್ನುವ ಭಾಗ) ನಮ್ಮದೇ ಇದ್ದರೆ ಮಾತ್ರ ಅದರ ಪಾಥ್ ಮತ್ತು ಕ್ವೆರಿ ತೆಗೆದು ರೂಟರ್‌ಗೆ ಕೊಡಿ. ಬೇರೆ ಏನೇ ಇದ್ದರೂ ಹೋಮ್ ಪುಟಕ್ಕೆ ಕಳಿಸಿ. ಹೋಗುವಾಗ ‘ಪುಶ್’ ಬದಲು ‘ರಿಪ್ಲೇಸ್’ ಬಳಸಿ, ಇಲ್ಲದಿದ್ದರೆ ಬ್ಯಾಕ್ ಒತ್ತಿದವರು ಮತ್ತೆ ಲಾಗಿನ್ ಪುಟಕ್ಕೆ ಬಂದು ನಿಲ್ಲುತ್ತಾರೆ.